‘ಸ್ಟಾರ್ಟ್ ಆಗ್ತಿಲ್ಲ’ ಅನ್ನೋದೂ ಒಂದು ವಾಕ್ಯವೇ?

ನಾನು ಸೋತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ವಿಷಯದಲ್ಲಿ ನಮ್ಮ ಮನೆಯಿಂದ ಬೇರೆಯೇ ವರದಿಗಳು ಹೊರಬಿದ್ದಿವೆ. (ವರದಿಗಾರರು ಇಬ್ಬರೇ, ಕೈಹಿಡಿದ ಹೆಂಡತಿ ಮತ್ತು ಹೆತ್ತ ತಾಯಿ. ಆದರೆ ಪ್ರಸಾರ ಜೋರು.)

ನಾನು ಹೈಸ್ಕೂಲಿನಲ್ಲಿ ವ್ಯಾಕರಣ ಕಲಿಸುವ ಮೇಷ್ಟ್ರು. ನನ್ನ ಹೆಂಡತಿ ಕಾರು ರಿಪೇರಿ ಮಾಡುತ್ತಾಳೆ, ಸ್ವಂತ ಗ್ಯಾರೇಜಿನಲ್ಲಿ. ಊರಿನ ಅರ್ಧ ಕಾರುಗಳು ಅವಳೆದುರು ಬಾಯಿ ತೆರೆದು ನಿಲ್ಲುತ್ತವೆ. ಅವಳೆದುರು ಬಾಯಿ ತೆರೆಯಲಾಗದ ಪ್ರಾಣಿ ನಾನೊಬ್ಬನೇ. ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ಆ ಗ್ಯಾರೇಜಿಗೆ ಕಾಲಿಟ್ಟಿಲ್ಲ. ಗ್ರೀಸಿನ ವಾಸನೆ ಆಗಿಬರುವುದಿಲ್ಲ ಎಂದು ಹೇಳಿಕೊಂಡು ಬಂದಿದ್ದೇನೆ. ನಿಜವೇನೆಂದರೆ, ಅಲ್ಲಿಗೆ ಹೋದರೆ ನಾನು ‘ಮೇಡಂ ಅವರ ಗಂಡ’. ಷಷ್ಠೀ ವಿಭಕ್ತಿಯ ಬಾಲ ಹಿಡಿದು ಬದುಕುವುದು ನನ್ನ ಜಾಯಮಾನವಲ್ಲ.

ಮೊನ್ನೆ ಶನಿವಾರ ಬೆಳಿಗ್ಗೆ ನಮ್ಮ ಕಾರು ಮೌನವ್ರತ ಹಿಡಿಯಿತು. ಸಂಜೆ ಐದಕ್ಕೆ ಅಮ್ಮನನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗಬೇಕಿತ್ತು. ಆಪರೇಷನ್ ಆದ ಕಣ್ಣು, ತಪ್ಪಿಸುವಂತಿರಲಿಲ್ಲ. ಹೆಂಡತಿ ಸ್ಕೂಟರ್ ಹತ್ತಿ ಕೆಲಸಕ್ಕೆ ಹೊರಟಿದ್ದಳು.

“ಕಾರು ಸ್ಟಾರ್ಟ್ ಆಗ್ತಿಲ್ಲ ಕಣೇ” ಎಂದೆ.

“ಅಂದ್ರೆ?”

“ಅಂದ್ರೆ ಏನು? ಸ್ಟಾರ್ಟ್ ಆಗ್ತಿಲ್ಲ, ಅಷ್ಟೇ.”

ಅವಳು ಹೆಲ್ಮೆಟ್ಟಿನ ಗಾಜು ಮೇಲಕ್ಕೆತ್ತಿದಳು. “ರೀ, ಮಕ್ಕಳಿಗೆ ವ್ಯಾಕರಣ ಹೇಳ್ಕೊಡೋರು ನೀವು. ‘ಸ್ಟಾರ್ಟ್ ಆಗ್ತಿಲ್ಲ’ ಅನ್ನೋದೂ ಒಂದು ವಾಕ್ಯಾನಾ? ಇಂಜಿನ್ ತಿರುಗ್ತಾನೇ ಇಲ್ವಾ? ತಿರುಗುತ್ತೆ, ಹತ್ಕೊಳ್ತಾ ಇಲ್ವಾ? ಇಲ್ಲ, ಹತ್ಕೊಂಡು ಆಮೇಲೆ ಆರಿಹೋಗುತ್ತಾ? ಮೂರಕ್ಕೂ ಬೇರೆ ಬೇರೆ ಕ್ರಿಯಾಪದ ಇದೆ. ಸರಿಯಾದ್ದು ಹೇಳಿ, ನಿಂತಲ್ಲೇ ಕಾಯಿಲೆ ಹೇಳ್ತೀನಿ.”

ಇಪ್ಪತ್ತು ವರ್ಷ ಸೇವೆ ಸಲ್ಲಿಸಿದ ವೈಯಾಕರಣನಿಗೆ ಗೇಟಿನ ಮುಂದೆ ಕ್ರಿಯಾಪದದ ಪಾಠ! ಎದುರುಮನೆಯವರು ಹಲ್ಲುಜ್ಜುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದರು. ನನ್ನ ರಕ್ತ ಕುದಿಯಿತು.

“ನಿನ್ನ ಕೈ ಸೋಕದೇನೇ ಈ ಕಾರು ಓಡುತ್ತೆ. ಐದು ಗಂಟೆ ಒಳಗೆ ಓಡಿಸಿ ತೋರಿಸ್ತೀನಿ!” ಎಂದು ಘೋಷಿಸಿದೆ.

“ಆಯ್ತು, ತೋರಿಸಿ” ಎಂದು ಅವಳು ಹೊರಟೇಹೋದಳು. ಜಗಳವನ್ನು ಅರ್ಧಕ್ಕೇ ಬಿಟ್ಟು ಹೋಗುವ ಹೆಂಗಸಿಗಿಂತ ಕ್ರೂರಿ ಇನ್ನೊಬ್ಬರಿಲ್ಲ.

ಒಳಗಿನಿಂದ ಅಮ್ಮನ ಧ್ವನಿ ಬಂತು: “ಸೊಸೆ ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?”

“ನೀನು ಯಾರ ಅಮ್ಮ?”

“ಕಾರು ಓಡಿಸೋರ ಅಮ್ಮ.”

ಮಧ್ಯಾಹ್ನದವರೆಗೂ ಕೀ ತಿರುಗಿಸಿ ಸೆಲ್ಫ್ ಹೊಡೆದು ನೋಡಿದ ನಾನು, ಕೊನೆಗೆ ತರಕಾರಿ ವ್ಯಾನಿನವನನ್ನು ಕಾಡಿಬೇಡಿ, ಕಾರಿಗೆ ಹಗ್ಗ ಕಟ್ಟಿಸಿ, ಹೆಂಡತಿಯ ಗ್ಯಾರೇಜು ಕಣ್ಣಿಗೆ ಬೀಳದ ಹಿಂದಿನ ರಸ್ತೆಗಳಲ್ಲೇ ಎಳೆಸಿಕೊಂಡು, ಊರಿನ ಇನ್ನೊಂದು ತುದಿಯಲ್ಲಿ ಹೊಸದಾಗಿ ತೆರೆದಿದ್ದ ಗ್ಯಾರೇಜಿಗೆ ಬಂದಿಳಿದೆ. ಅದರ ಒಡೆಯನ ಮೀಸೆ ಎಷ್ಟು ಭರ್ಜರಿಯಾಗಿತ್ತೆಂದರೆ ಅವನ ಮೇಲೆ ತಕ್ಷಣ ವಿಶ್ವಾಸ ಹುಟ್ಟಿತು.

“ಏನು ಪ್ರಾಬ್ಲಂ ಸಾರ್?” ಎಂದ ಮೀಸೆ ಮೆಕ್ಯಾನಿಕ್.

“ತಿರುಗುತ್ತೆ, ಆದ್ರೆ ಹತ್ಕೊಳ್ತಾ ಇಲ್ಲ” ಎಂದೆ. (ಒಳ್ಳೆಯ ಪ್ರಯೋಗ ಎಲ್ಲಿಂದ ಬಂದರೂ ಸ್ವೀಕರಿಸಬೇಕು. ಅದು ಸೋಲಲ್ಲ, ವಿದ್ವತ್ತು.)

ಮೀಸೆ ಬ್ಯಾಟರಿ ನೋಡಿದ. ಗಟ್ಟಿಯಾಗಿತ್ತು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಕಿಡಿ ಹಾರಿಸಿ ನೋಡಿದ. ಚಟಚಟ ಹಾರಿತು. ಪ್ಲಗ್ಗಿನ ತುದಿಯನ್ನು ಬೆರಳಿಂದ ಒರೆಸಿ ಮೂಸಿ ನೋಡಿದ.

“ಒಣಗಿಹೋಗಿದೆ ಸಾರ್. ಇಷ್ಟು ಸಲ ಸೆಲ್ಫ್ ಹೊಡೆದ ಮೇಲೆ ಪೆಟ್ರೋಲಲ್ಲಿ ನೆಂದಿರ್ಬೇಕಿತ್ತು. ಟ್ಯಾಂಕಲ್ಲಿ ಪೆಟ್ರೋಲ್ ಇದೆ, ಇಂಜಿನ್‌ಗೆ ಬರ್ತಾ ಇಲ್ಲ. ಟ್ಯಾಂಕ್ ಇಳಿಸಿ ಪಂಪ್ ನೋಡ್ಬೇಕು. ಸೋಮವಾರ ಆಗುತ್ತೆ.”

ಗಡಿಯಾರ ನೋಡಿದೆ. ನಾಲ್ಕೂ ಹತ್ತು. ಅಮ್ಮನ ಕಣ್ಣು ಕಣ್ಣಮುಂದೆ ಬಂತು. “ಸೋಮವಾರ ಆಗಲ್ಲಪ್ಪ, ಏನಾದ್ರೂ ಮಾಡು” ಎಂದು ಅಂಗಲಾಚಿದೆ.

ಅವನು ಮೀಸೆ ತಿರುವಿ ಯೋಚಿಸಿದ. “ಟ್ಯಾಂಕ್ ಇಳಿಸೋ ಮುಂಚೆ ನಮ್ಮ ಗುರುಗಳನ್ನ ಒಂದು ಮಾತು ಕೇಳ್ತೀನಿ ಸಾರ್. ಅವರು ಇಂಜಿನ್ ಸದ್ದು ಕೇಳೇ ರೋಗ ಹೇಳ್ತಾರೆ. ಅವರ ಕೈಕೆಳಗೇ ನಾನು ಕೆಲಸ ಕಲಿತಿದ್ದು.” ಫೋನ್ ಮಾಡಿ ಬಂದು, “ಇಲ್ಲೇ ಸ್ಪೇರ್‌ಪಾರ್ಟ್ಸ್ ಅಂಗಡಿಗೆ ಬಂದಿದ್ದಾರಂತೆ. ಹತ್ತು ನಿಮಿಷದಲ್ಲಿ ಬರ್ತಾರೆ” ಎಂದ.

ನಾನು ಹಳೆಯ ಟಯರಿನ ಮೇಲೆ ಕೂತು, ಬಿಳಿಗಡ್ಡದ, ಗಂಭೀರ ಮುಖದ ಒಬ್ಬ ಹಿರಿಯರನ್ನು ಮನಸ್ಸಿನಲ್ಲಿ ಚಿತ್ರಿಸಿಕೊಂಡೆ. ಓದುಗರೇ, ‘ಗುರುಗಳು ಬರ್ತಾರೆ’ ಎಂಬ ಗೌರವದ ಬಹುವಚನದಲ್ಲಿ ಗಂಡು ಹೆಣ್ಣೆಂಬ ಭೇದ ತಿಳಿಯುವುದಿಲ್ಲ. ಪ್ರತಿವರ್ಷ ಎಂಟನೇ ತರಗತಿಗೆ ನಾನೇ ಕಲಿಸುವ ಪಾಠವಿದು.

ಸ್ಕೂಟರ್ ಬಂದು ನಿಂತಿತು. ಹೆಲ್ಮೆಟ್ ಕಳಚಿತು. ಗುರುಗಳು ನನ್ನನ್ನು ನೋಡಿದರು. ನಾನು ಟಯರಿನೊಳಗೆ ಜಾರಿದೆ.

“ಬನ್ನಿ ಅಕ್ಕಾ” ಎಂದ ಮೀಸೆ. “ಗಾಡಿ ಇವರದ್ದು.”

ಅವಳ ಮುಖದ ಒಂದು ಗೆರೆಯೂ ಅಲುಗಲಿಲ್ಲ. “ನಮಸ್ಕಾರ ಸಾರ್. ಏನಾಗ್ತಿದೆ?”

“ತಿರುಗುತ್ತೆ... ಹತ್ಕೊಳ್ತಾ ಇಲ್ಲ.”

“ಅಬ್ಬಾ, ಎಷ್ಟು ಸ್ಪಷ್ಟವಾಗಿ ಹೇಳ್ತೀರಿ! ಎಲ್ಲಾ ಗಿರಾಕಿಗಳೂ ಹೀಗೆ ಹೇಳಿದ್ರೆ ನಮ್ಮ ಕೆಲಸ ಎಷ್ಟು ಸುಲಭ.”

ಅವಳು ಕೀ ಅರ್ಧ ತಿರುಗಿಸಿದಳು. ರೇಡಿಯೋ ಗಟ್ಟಿಯಾಗಿ ಹಾಡತೊಡಗಿತು. ಅದನ್ನು ಆರಿಸಿ, ಕೀ ಮತ್ತೊಮ್ಮೆ ತಿರುಗಿಸಿ, ಹಿಂದಿನ ಸೀಟಿಗೆ ಕಿವಿಗೊಟ್ಟಳು.

“ಕೀ ಹಾಕಿದ ತಕ್ಷಣ ಇಲ್ಲಿ ಪಂಪು ಎರಡು ಸೆಕೆಂಡ್ ಗುಂಯ್ ಅನ್ಬೇಕು. ಅಂತಿಲ್ಲ. ಸಾರ್, ಈ ರೇಡಿಯೋ ಕೆಟ್ಟಿತ್ತಲ್ವಾ?”

“ಹೌದು” ಎಂದೆ.

“ಯಾರು ಸರಿ ಮಾಡಿದ್ದು?”

“ನಾನೇ. ನಿನ್ನೆ ಸಂಜೆ” ಎಂದೆ, ಎದೆ ಸ್ವಲ್ಪ ಉಬ್ಬಿಸಿ. “ಅದರ ಫ್ಯೂಸ್ ಹೋಗಿತ್ತು. ಅದೇ ಡಬ್ಬೀಲಿ ಅದೇ ಬಣ್ಣದ ಇನ್ನೊಂದು ಸುಮ್ನೆ ಕೂತಿತ್ತು. ಕಿತ್ತು ಇದಕ್ಕೆ ಹಾಕ್ದೆ.”

ಮೀಸೆ ಹಣೆ ಚಚ್ಚಿಕೊಂಡ. “ಸುಮ್ನೆ ಕೂತಿತ್ತಾ? ಅದು ಪೆಟ್ರೋಲ್ ಪಂಪಿನ ಫ್ಯೂಸ್ ಸಾರ್!”

ಅವಳು ತನ್ನ ಜೇಬಿನಿಂದ ಒಂದು ಹೊಸ ಫ್ಯೂಸ್ ತೆಗೆದು ಖಾಲಿ ಜಾಗಕ್ಕೆ ಒತ್ತಿದಳು. ಮೀಸೆ ಪ್ಲಗ್ಗುಗಳನ್ನು ಬಿಗಿದ. ಹಿಂದಿನಿಂದ ಗುಂಯ್ ಎಂದಿತು. ಇಂಜಿನ್ ಒಂದೇ ಏಟಿಗೆ ಹತ್ತಿಕೊಂಡಿತು. ನನಗೆ ಸಂತೋಷವಾಗಲಿಲ್ಲ ಎಂದರೆ ಸುಳ್ಳು. ಆದರೆ ಅದನ್ನು ಮುಖದ ಮೇಲೆ ಬರಗೊಡಲಿಲ್ಲ.

ಮೀಸೆ ಅವಳ ಕಿವಿಯಲ್ಲಿ ಉಸುರಿದ. (ಮೀಸೆಯಡಿಯ ಪಿಸುಮಾತು ಬೀದಿಗೆಲ್ಲ ಕೇಳಿಸಿತು.) “ಅಕ್ಕಾ, ಇಂಥೋರನ್ನ ಕಟ್ಕೊಂಡ ಹೆಂಗಸಿನ ಪಾಡು ಏನಿರ್ಬೇಕು!”

“ಪಾಪ, ಹೇಗೋ ಸಂಭಾಳಿಸ್ತಿದ್ದಾಳೆ” ಎಂದಳು ಗುರು.

ನಂತರ ಅವಳು ಸ್ಕೂಟರಿನ ಕೀ ಮೀಸೆಯ ಕೈಗಿಟ್ಟು, “ನಾಳೆ ತಗೊಂಡು ಹೋಗ್ತೀನಿ” ಎಂದು ಕಾರಿನಲ್ಲಿ ಸ್ಟಿಯರಿಂಗ್ ಹಿಡಿದು ಕೂತಳು.

ಮೀಸೆ ಗಾಬರಿಯಿಂದ ಓಡಿಬಂದ. “ಅಕ್ಕಾ, ಅಕ್ಕಾ! ಅದು ಗಿರಾಕಿ ಗಾಡಿ!”

“ಗೊತ್ತಪ್ಪ” ಎಂದಳು ಅವಳು, ಗೇರ್ ಹಾಕುತ್ತಾ. “ಗಿರಾಕೀನೂ ನಂದೇ. ರೀ, ಹತ್ಕೊಳ್ತೀರೋ, ಇಲ್ಲ ಅಲ್ಲೇ ತಿರುಗ್ತಾ ಇರ್ತೀರೋ? ಅಮ್ಮ ಕಾಯ್ತಿದ್ದಾರೆ.”

ನಾನು ಪಕ್ಕದ ಸೀಟಿನಲ್ಲಿ ಕೂತೆ. ಆದರೆ ಇದನ್ನು ಯಾರೂ ವರದಿ ಮಾಡಿಲ್ಲವಾದ್ದರಿಂದ ನಾನೇ ಹೇಳಬೇಕಾಗಿದೆ: ಬಾಗಿಲನ್ನು ನಾನೇ ತೆಗೆದೆ, ನಾನೇ ಮುಚ್ಚಿದೆ. ಯಾರ ಸಹಾಯವನ್ನೂ ಕೇಳಲಿಲ್ಲ.