ಜರ್ಮನ್ ಸೈನ್ಯದ ಮುಂಗಾ, ದೋಹಾದ ನಾನು

ಹಳೇ ಗಾಡಿ ರಿಪೇರಿಯವನಿಗೆ ಫಜೀತಿ ತಪ್ಪಿದ್ದಲ್ಲ. ಗಾಡಿ ಕೆಡದ ದಿನ ಬೇರೆ ಏನಾದರೂ ಕೆಡುತ್ತದೆ. ನಾನು ಮೈಸೂರಿನವನು. ಹಳೇ ಗಾಡಿ ಕೂಡಿಡುವ ಹುಚ್ಚಿರುವ ಒಬ್ಬ ಕತಾರಿ ಯಜಮಾನರ ಗ್ಯಾರೇಜು ನನ್ನ ಉಸ್ತುವಾರಿಯಲ್ಲಿದೆ. ನನಗೆ ಬಗ್ಗದ ಎಂಜಿನ್ನೇ ಇಲ್ಲ ಅಂತ ನಾನೇ ಹೇಳಿಕೊಳ್ಳುತ್ತೇನೆ. ಬೇರೆ ಯಾರೂ ಹೇಳದಿದ್ದರೆ ಇನ್ನೇನು ಮಾಡಲಿ? ಇವಿಷ್ಟೂ ಒಂದೇ ಜೀಪಿನಿಂದ ಆದ ಪ್ರಸಂಗಗಳು.

ಹೆಸರು

ಯಜಮಾನರು ಜರ್ಮನಿಯಿಂದ ಅಲ್ಲಿನ ಸೈನ್ಯದ ಹಳೇ ಜೀಪೊಂದನ್ನು ತರಿಸಿದರು. ಹೆಸರು ಮುಂಗಾ. 'ಹತ್ತೆಂಟು ಕೆಲಸಕ್ಕಾಗುವ, ನಾಲ್ಕೂ ಚಕ್ರ ಎಳೆಯುವ, ಎಂಥ ನೆಲದಲ್ಲೂ ಓಡುವ ಗಾಡಿ' ಅನ್ನುವಂಥ ಮಾರುದ್ದದ ಜರ್ಮನ್ ಹೆಸರನ್ನು ಕತ್ತರಿಸಿ ಮಾಡಿದ್ದು. ಅದು ಬಂದ ದಿನ ಬಂದರಿನಿಂದಲೇ ಬಿನ್ ಮಹಮೂದ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಫೋನ್ ಮಾಡಿದೆ. ಗಾಳಿ ಜೋರಿತ್ತು.

"ಊಟಕ್ಕೆ ಕಾಯ್ಬೇಡ. ಮುಂಗಾ ಬಂದಿದೆ, ಬಿಡಿಸ್ಕೊಂಡು ಬರ್ಬೇಕು."

"ಮಂಗಾನಾ?" ಅಂದಳು ಹೆಂಡತಿ.

"ಹೂಂ, ಜರ್ಮನಿಯಿಂದ. ವಯಸ್ಸಾಗಿದೆ, ಆದ್ರೂ ಗಟ್ಟಿಮುಟ್ಟು. ಮೈ ತೊಳೆದ್ರೆ ಲಕಲಕ ಅನ್ನುತ್ತೆ."

"ರೀ, ಅದನ್ನ ಯಜಮಾನ್ರ ಮನೇಲೇ ಕಟ್ಟಿಹಾಕಿ. ಇಲ್ಲಿ ಇರೋ ಒಂದನ್ನ ಸಾಕೋದೇ ನಂಗೆ ಸಾಕಾಗಿದೆ."

ಎಣ್ಣೆ

ಮುಂಗಾದ್ದು ಟೂ-ಸ್ಟ್ರೋಕ್ ಎಂಜಿನ್. ನಮ್ಮಪ್ಪನ ಹಳೇ ಬೈಕಿನ ಹಾಗೆ ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು. ಅಲ್ ಸದ್ದ್ ಹತ್ತಿರದ ಪಂಪಿನಲ್ಲಿ ನಿಲ್ಲಿಸಿ, ಎಣ್ಣೆ ಡಬ್ಬಿ ತೆಗೆದು ಟ್ಯಾಂಕಿಗೆ ಸುರಿಯತೊಡಗಿದೆ. ಪಂಪಿನ ಮಲಯಾಳಿ ಹೌಹಾರಿ ಓಡಿಬಂದ.

"ಚೇಟಾ! ಎಣ್ಣೆ ಅಲ್ಲಿಗಲ್ಲ, ಮುಂದೆ, ಬಾನೆಟ್ ಒಳಗೆ!"

"ಮಾಫಿ ಮುಷ್ಕಿಲ್, ಏನೂ ತೊಂದರೆ ಇಲ್ಲ. ಇದಕ್ಕೆ ಹೀಗೇ."

ಡಬ್ಬಿ ಕಿತ್ತುಕೊಂಡೇಬಿಟ್ಟ. "ಗಾಡಿ ನಿಮ್ದಾ?"

"ಅಲ್ಲ, ಯಜಮಾನರದು."

ಅವನ ಮುಖ ಮೆತ್ತಗಾಯಿತು. ಹತ್ತಿರ ಬಂದು ಭುಜದ ಮೇಲೆ ಕೈಯಿಟ್ಟು ಪಿಸುಗುಟ್ಟಿದ: "ಕೋಪ ಬರುತ್ತೆ ಚೇಟಾ, ನನಗೂ ಗೊತ್ತು. ಆದ್ರೆ ಗಾಡಿ ಏನ್ ಮಾಡಿತ್ತು ಪಾಪ? ಊರಿಗೆ ಹೋಗೋಕೆ ರಜಾ ಕೊಡ್ಲಿಲ್ವಾ?"

ಚರಿತ್ರೆ

ಶುಕ್ರವಾರ ಗ್ಯಾರೇಜು ನೋಡಲು ಜನ ಬಂದರೆ ಚರಿತ್ರೆ ಹೇಳುವವನೂ ನಾನೇ. ಒಮ್ಮೆ ಕಾರ್ಖಾನೆಗಳ ಊರು ಮೆಸಯೀದಿನಿಂದ ಧಾರವಾಡದ ಎಂಜಿನಿಯರೊಬ್ಬರು ಬಂದಿದ್ದರು. ಪ್ಲಾಂಟ್ ಕಟ್ಟುವ ಕೆಲಸ, ಮುಖದ ತುಂಬ ದಣಿವು. ನಾನು ಶುರುಹಚ್ಚಿದೆ.

"ಯುದ್ಧ ಮುಗಿದು ಜರ್ಮನ್ನರು ಹೊಸ ಸೈನ್ಯ ಕಟ್ಟಿದಾಗ ಆರಿಸಿಕೊಂಡ ಜೀಪು ಸಾರ್ ಇದು. ಇದಕ್ಕೆ ವಯಸ್ಸಾಗ್ತಾ ಬಂದಾಗ, ಮೂರು ದೇಶ ಸೇರಿ ಒಂದು ಹೊಸ ಜೀಪು ಮಾಡೋಣ ಅಂತ ಹೊರಟ್ರು. ನೆಲದ ಮೇಲೆ ಓಡಬೇಕು, ನೀರಲ್ಲಿ ಈಜಲೂಬೇಕು."

"ಭಾಳ ಛಲೋ. ಮುಂದ?"

"ವರ್ಷಗಟ್ಟಲೆ ಮೀಟಿಂಗು. ಒಬ್ಬರು ಒಪ್ಪಿದ್ದು ಇನ್ನೊಬ್ಬರಿಗೆ ಬೇಡ. ಖರ್ಚು ಏರ್ತಾನೇ ಹೋಯ್ತು. ಕೊನೆಗೆ ಜೀಪೇ ಬರಲಿಲ್ಲ, ಖಲಾಸ್. ಜರ್ಮನ್ನರು ಬೇರೆ ಸಾದಾ ಜೀಪು ತಗೊಂಡ್ರು."

ಎಂಜಿನಿಯರು ದೀರ್ಘವಾಗಿ ಉಸಿರುಬಿಟ್ಟು ಮುಂಗಾದ ಬಾನೆಟ್ ಸವರಿದರು. "ಹಂಗಾರ ಈಗ ನಮ್ಮಲ್ಲಿರೋ ಕನ್ಸಲ್ಟಂಟ್, ಆವಾಗ ಅಲ್ಲಿದ್ದ ಏನ್ರೀ?"

ಮರಳು

ಯಜಮಾನರ ತಂಗಿಯ ಮಗ ಹೊಸದಾಗಿ ಭಾರೀ ಗಾಡಿ ಕೊಂಡಿದ್ದ. ಒಳಗೆ ಟಿವಿಯಷ್ಟು ದೊಡ್ಡ ಪರದೆ. ಮುಂಗಾ ನೋಡಿ, "ಮಾಮಾ, ಈ ಡಬ್ಬ ಯಾಕೆ? ಮರಳು ಹತ್ತುತ್ತಾ?" ಅಂದ. ಯಜಮಾನರಿಗೆ ನಾಟಿತು. ನನ್ನ ಕಡೆ ತಿರುಗಿ, "ಹತ್ತುತ್ತಾ? ಹತ್ತದಿದ್ದರೆ ನಾಳೆಯೇ ಮಾರಿಬಿಡ್ತೀನಿ" ಅಂದರು.

"ಹತ್ತದೇ ಏನು ಸಾರ್!" ಅಂದೆ. ನಾನು ಅಲ್ಲಿಯವರೆಗೆ ಮರಳಿನ ಮೇಲೆ ಸೈಕಲ್ ಕೂಡ ಓಡಿಸಿದವನಲ್ಲ.

ಮೆಸಯೀದಿನಾಚೆಯ ಮರಳುದಿಬ್ಬಗಳಿಗೆ ಹೋದೆವು. ಅಳಿಯನ ಗಾಡಿ ಗರ್ಜಿಸಿಕೊಂಡು ನುಗ್ಗಿ, ಬುಡದಲ್ಲೇ ಹೊಟ್ಟೆವರೆಗೆ ಹೂತುಕೊಂಡಿತು. ನಾನು ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು "ಯಲ್ಲಾ, ಹೊರಡೋಣ" ಅಂದೆ. ಮುಂಗಾ ಹಗುರದ ಗಾಡಿ. ನೀಲಿ ಹೊಗೆ ಬಿಡುತ್ತಾ, ಡಬಡಬ ಅನ್ನುತ್ತಾ, ಎಲ್ಲೂ ಹೂಳದೆ ನೆತ್ತಿಗೇ ಹೋಗಿ, ಬಂದ ಕಡೆಗೇ ಮುಖ ತಿರುಗಿಸಿ ನಿಂತಿತು. ಯಜಮಾನರು ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಫೋಟೋಗೆಂದು ಅವರು ಇಳಿದು ನಿಂತರು, ನಾನು ಎಂಜಿನ್ ಆರಿಸಿದೆ.

ಮತ್ತೆ ಅದು ಹೊತ್ತಿಕೊಳ್ಳಲಿಲ್ಲ.

ಅಷ್ಟರಲ್ಲಿ ಅಳಿಯ ಏದುಸಿರು ಬಿಡುತ್ತಾ ಮೇಲೆ ಬಂದ. "ಏನಾಯ್ತು? ಕೆಟ್ಟೋಯ್ತಾ?" ಅಂದ, ಖುಷಿಯಾಗಿ.

"ಕೆಡೋದಾ? ಸೈನ್ಯದ ಗಾಡಿ ಇದು. ತಳ್ಳಿದ್ರೆ ಸಾಕು" ಅಂದೆ. ಕೀಲಿ ತಿರುಗಿಸಿ, ಗೇರಿಗೆ ಹಾಕಿ, ಕೆಳಗಿಳಿದೆ. ಇಳಿಜಾರು ಸಿಕ್ಕೊಡನೆ ಹಾರಿ ಕೂರುವುದು ನನ್ನ ಲೆಕ್ಕಾಚಾರ. ನಾನೂ ಅಳಿಯನೂ ತಳ್ಳಿದೆವು. ಗಾಡಿ ಇಳಿಜಾರಿಗೆ ಬಿತ್ತು. ನಾನು ಹಾರಿದೆ. ಕಾಲು ಹೂತು, ಮುಖ ಮರಳಿಗೆ ಬಿತ್ತು.

ತಲೆಯೆತ್ತಿ ನೋಡಿದರೆ ಮುಂಗಾ ಒಂದೇ ಇಳಿಯುತ್ತಿದೆ. ಅರ್ಧದಾರಿಯಲ್ಲಿ ಎಂಜಿನ್ ಹೊತ್ತಿಕೊಂಡು ಡಬಡಬ ಶುರುವಾಯಿತು. ನನ್ನ ಕೆಲಸ ಹೋಯಿತು ಅಂದುಕೊಂಡು ಕಣ್ಣು ಮುಚ್ಚಿದೆ. ಸದ್ದು ನಿಂತಾಗ ತೆರೆದೆ. ಹೂತಿದ್ದ ಹೊಸ ಗಾಡಿಯ ಮುಂದೆ, ಒಂದು ಗೇಣು ಜಾಗ ಬಿಟ್ಟು, ಮೆತ್ತನೆ ಮರಳಿನಲ್ಲಿ ಮುಂಗಾ ಪಾರ್ಕಿಂಗ್ ಮಾಡಿದಂತೆ ನಿಂತಿತ್ತು.

ಯಜಮಾನರು ಅಳಿಯನ ಬೆನ್ನು ತಟ್ಟಿ, ಎದೆಯುಬ್ಬಿಸಿ ಕೇಳಿದರು: "ನೋಡಿದೆಯಾ, ಡ್ರೈವರೇ ಬೇಡ! ನಿನ್ನ ಹೊಸ ಗಾಡಿಯಲ್ಲಿ ಈ ಸೌಲಭ್ಯ ಇದೆಯಾ?"