ಕೊನೆಯ ಪುಟ, ಮೊದಲ ಜಾಡಿ

ಇಪ್ಪತ್ತೆರಡು ವರ್ಷಗಳಿಂದ ನಾನು ಯಾಂಬೋಲ್ ಊರಿನ ಏಕೈಕ ಪುಸ್ತಕ ವಿಮರ್ಶಕ. ಕಾದಂಬರಿಯಾಗಲಿ, ಆತ್ಮಕಥನವಾಗಲಿ, ಮೊದಲ ಅಕ್ಷರದಿಂದ ಕೊನೆಯ ಚುಕ್ಕೆಯವರೆಗೆ ಓದದೆ ಒಂದು ಸಾಲನ್ನೂ ಬರೆದವನಲ್ಲ! ಸೆಪ್ಟೆಂಬರಿನ ಆ ಶನಿವಾರ ಬೆಳಿಗ್ಗೆ ನಾನೊಂದು ಮಹಾಸಂಕಲ್ಪ ಮಾಡಿದೆ: ಇಂದು ಇಪ್ಪತ್ತು ಕಿಲೊ ಕೆಂಪು ದೊಣ್ಣೆಮೆಣಸನ್ನು ಸುಟ್ಟು, ಚಳಿಗಾಲಕ್ಕೆ ಜಾಡಿ ತುಂಬುವೆನು, ಅದೇ ಒಲೆಯ ಪಕ್ಕ ಕುಳಿತು ನನ್ನ ಹೆಂಡತಿಯ ಆತ್ಮಕಥನವನ್ನು ಓದಿ ಮುಗಿಸುವೆನು!

ಹೆಂಡತಿ ನೆವೆನಾ ಬುರ್ಗಾಸ್‌ನಲ್ಲಿರುವ ಅಕ್ಕನ ಮನೆಗೆ ಹೋಗಿ ಹನ್ನೊಂದು ತಿಂಗಳಾಗಿತ್ತು. ಜಗಳವೇನೂ ಆಗಿರಲಿಲ್ಲ. ಜಗಳಕ್ಕೆ ಇಬ್ಬರು ಬೇಕು. ನಾನು ಸದಾ ಓದುತ್ತಿದ್ದೆ. ಅವಳು ಕೂರುತ್ತಿದ್ದ ಕುರ್ಚಿಯ ಮೇಲೆ ಈಗ ವಿಮರ್ಶೆಗೆ ಬಂದ ಪುಸ್ತಕಗಳು ಕೂತಿದ್ದವು. ಊಟದ ಹೊತ್ತಿಗೆ ಅವುಗಳ ಮುಖ ನೋಡುತ್ತಿದ್ದೆ. ಒಂದಾದರೂ ‘ಉಪ್ಪು ಸಾಕಾ?’ ಎಂದು ಕೇಳಲಿಲ್ಲ.

“ಅಸೆನ್, ನೆವೆನಾ ಪುಸ್ತಕ ಬರ್ತಾ ಇದೆ. ನೀನೇ ಬರಿ,” ಎಂದಿದ್ದಳು ಪತ್ರಿಕೆಯ ಸಂಪಾದಕಿ ಪಾವ್ಲೀನಾ.

“ಹೆಂಡತಿ ಪುಸ್ತಕಕ್ಕೆ ಗಂಡ ವಿಮರ್ಶೆ ಬರೆಯೋದಾ? ಜನ ನಗಲ್ವಾ?”

“ಬಿಟ್ಟು ಹೋದ ಹೆಂಡತಿ ತಾನೆ? ಅದಕ್ಕಿಂತ ನಿಷ್ಪಕ್ಷಪಾತ ಇನ್ನೇನು ಬೇಕು ಮಾರಾಯ! ಅದೂ ಅಲ್ಲದೆ ಅವಳೇ ಹೇಳಿದಾಳೆ, ಅವನಿಗೇ ಕೊಡಿ ಅಂತ.”

ಅವನಿಗೇ ಕೊಡಿ! ಆ ಎರಡು ಪದಗಳನ್ನು ಒಂದು ವಾರ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಒಳ್ಳೆಯ ವಿಮರ್ಶೆ ಬರೆದರೆ ಅವಳು ವಾಪಸು ಬರಬಹುದೇನೋ.

ಪ್ರಕಾಶಕರು ಕಳಿಸಿದ್ದು ಒಂದೇ ಬದಿ ಅಚ್ಚಾದ, ಹೊಲಿಯದ ಬಿಡಿ ಹಾಳೆಗಳ ಕಟ್ಟು. ಬಾಲ್ಕನಿಯಲ್ಲಿ ಒಲೆ ಹೊತ್ತಿಸಿದೆ. ಎದುರಿನ ಬಾಲ್ಕನಿಗಳಲ್ಲೆಲ್ಲ ಮನೆಮಂದಿ ಒಟ್ಟಾಗಿ ಕೂತಿದ್ದರು. ಒಬ್ಬರು ಸುಡುವವರು, ಒಬ್ಬರು ಸಿಪ್ಪೆ ಸುಲಿಯುವವರು, ಒಬ್ಬರು ಬಯ್ಯುವವರು. ನನ್ನ ಬಾಲ್ಕನಿಯಲ್ಲಿ ಮೂರೂ ಹುದ್ದೆಗಳು ನನ್ನವೇ! ಒಂದು ಪುಟ ಓದುವಷ್ಟರಲ್ಲಿ ನಾಲ್ಕು ಮೆಣಸು ಬೂದಿ. ಬೂದಿ ಕೆರೆಯುವಷ್ಟರಲ್ಲಿ ಓದಿದ ಪುಟ ಮರೆತಿರುತ್ತಿತ್ತು. ಇಪ್ಪತ್ತು ಕಿಲೊದಲ್ಲಿ ಕೊನೆಗೆ ಉಳಿದದ್ದು ಹತ್ತು ಜಾಡಿ.

ಜಾಡಿಗಳನ್ನು ಕುದಿಸಿ ಆರಿಸಿದ ಮೇಲೆ ಕೆಳಮನೆಯ ದೋಂಕಾ ಅಜ್ಜಿ ನೆರವಿಗೆ ಬಂದಳು. ನೆಲಮಾಳಿಗೆಗೆ ಒಯ್ಯುವಾಗ ಒಂದಕ್ಕೊಂದು ಬಡಿಯದಂತೆ ಕಾಗದ ಸುತ್ತಬೇಕಲ್ಲ! ನಾನಾಗ ಈ ಸಾಲಿನಲ್ಲಿ ಮುಳುಗಿದ್ದೆ: ‘ನನ್ನ ಗಂಡ ನನ್ನನ್ನು ಅರ್ಧದವರೆಗೆ ಓದಿ, ಗುರುತಿಗೆ ಒಂದು ಕಡ್ಡಿ ಇಟ್ಟು, ಬೇರೆ ಪುಸ್ತಕ ಕೈಗೆತ್ತಿಕೊಂಡ.’ ಎದೆಗೆ ನಾಟಿತು. ಹೌದು ನೆವೆನಾ, ಹೌದು ಎಂದುಕೊಳ್ಳುತ್ತ, ಇಲ್ಲಿ ಎಲ್ಲರೂ ಒಪ್ಪಿಗೆಗೆ ಮಾಡುವಂತೆ, ತಲೆಯನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ಆಡಿಸಿದೆ.

ಅದೇ ಕ್ಷಣಕ್ಕೆ ದೋಂಕಾ ಅಜ್ಜಿ ಏನೋ ಕೇಳಿದ್ದಳಂತೆ. ಸಂಜೆಗೆ ಜಾಡಿಗಳೆಲ್ಲ ಕೆಳಗೆ ಹೋದವು. ಮೊದಲನೆಯ, ಕಡಿಮೆ ಸುಟ್ಟ ಜಾಡಿಯೊಂದನ್ನು ಮಾತ್ರ ಸುತ್ತಿದ ಹಾಗೆಯೇ ಬುರ್ಗಾಸ್ ಬಸ್ಸಿನ ಚಾಲಕನ ಕೈಗಿತ್ತು, ನೆವೆನಾಗೆ ತಲುಪಿಸಲು ಹೇಳಿದೆ. ಚೀಟಿಯೇನೂ ಬರೆಯಲಿಲ್ಲ. ವಿಮರ್ಶಕನಿಗೆ ತನ್ನದೇ ಮಾತು ಹೊಳೆಯುವುದು ಕಷ್ಟ.

ಆತ್ಮಕಥನ ಮುಗಿದ ರೀತಿಗಂತೂ ನಾನು ಬೆರಗಾದೆ! ಇನ್ನೂರ ಎರಡನೆಯ ಪುಟದ ಅಡಿಯಲ್ಲಿ, ‘ಆ ಬೆಳಿಗ್ಗೆ ಬಾಗಿಲು ತೆರೆದಾಗ ನಾನು’ ಎಂಬಲ್ಲಿ ಮಾತು ನಿಂತಿತ್ತು. ಚುಕ್ಕೆಯೂ ಇಲ್ಲ! ನಾನು ಉಕ್ಕಿ ಬರೆದೆ: ‘ನಮ್ಮ ಕಾಲದ ಅತ್ಯಂತ ಧೀರ ಮುಕ್ತಾಯ! ಲೇಖಕಿ ಬಾಗಿಲನ್ನು ತೆರೆದೇ ಇಟ್ಟು ಮೌನದೊಳಗೆ ನಡೆದುಬಿಡುತ್ತಾರೆ. ಇದಕ್ಕಿಂತ ಒಂದು ಪದ ಹೆಚ್ಚಾಗಿದ್ದರೂ ಕೃತಿ ಕೆಡುತ್ತಿತ್ತು!’

ಪುಸ್ತಕ ಅಂಗಡಿಗೆ ಬಂದ ವಾರವೇ ವಿಮರ್ಶೆಯೂ ಅಚ್ಚಾಯಿತು. ಮಧ್ಯಾಹ್ನ ಫೋನು ಬಂತು.

“ಒಂದು ಪದ ಹೆಚ್ಚಾದ್ರೂ ಕೆಡ್ತಿತ್ತಾ?”

ಹನ್ನೊಂದು ತಿಂಗಳ, ಅಲ್ಲ, ಹನ್ನೆರಡು ತಿಂಗಳ ನಂತರ ಕೇಳಿದ ಧ್ವನಿ.

“ನೆವೆನಾ! ಅದ್ಭುತವಾಗಿದೆ! ಆ ಕೊನೆ...”

“ಅದರ ಮುಂದೆ ಇನ್ನೂ ಹತ್ತು ಪುಟ ಇದೆ, ಅಸೆನ್.”

“ಹತ್ತು ಪುಟಾನಾ?”

“ಹತ್ತನೇದು ನನ್ನ ಹತ್ರಾನೇ ಇದೆ. ಮೆಣಸಿನ ಜಾಡಿಗೆ ಸುತ್ತಿ ಕಳಿಸಿದ್ದೀಯಲ್ಲ! ಎಲ್ಲಾ ಬಿಟ್ಟು ಆ ಪುಟಾನೇ ವಾಪಸ್ ಕಳಿಸಿದಾನೆ, ಇದೇ ಅವನ ಉತ್ತರ ಅಂದ್ಕೊಂಡೆ. ಒಂದು ತಿಂಗಳು ಅತ್ತಿದೀನಿ. ಇವತ್ತು ನಿನ್ನ ವಿಮರ್ಶೆ ಓದಿದೆ. ಉತ್ತರಾನೂ ಅಲ್ಲ, ಏನೂ ಅಲ್ಲ. ನೀನು ಓದೇ ಇಲ್ಲ!”

“ಅದ್ರಲ್ಲಿ ಏನಿತ್ತು? ಹೇಳು, ನೆವೆನಾ!”

“ಅಂಗಡೀಲಿ ಸಿಗತ್ತೆ. ಕೊಂಡು ಓದು.” ಫೋನು ಕಟ್!

ದೋಂಕಾ ಅಜ್ಜಿಯ ಬಾಗಿಲು ಬಡಿದೆ.

“ಅಜ್ಜೀ, ಜಾಡಿಗೆ ಏನು ಸುತ್ತಿದೆ?”

“ನಿನ್ನ ಹಾಳೇನೇ ಕಣೋ ಮಗಾ. ತಗೊಳ್ಲಾ ಅಂತ ಕೇಳ್ದೆ, ಹೂಂ ಅಂತ ಎಷ್ಟು ಚೆಂದಾಗಿ ತಲೆ ಆಡಿಸ್ದೆ! ಮೇಲಿನವು ನೀನು ಓದ್ತಾ ಇದ್ದೆ, ತೊಂದ್ರೆ ಯಾಕೆ ಅಂತ ಅಡಿಯಿಂದ ತಗೊಂಡೆ.”

ಅಡಿಯಿಂದ! ಕೊನೆಯ ಪುಟ ಮೊದಲ ಜಾಡಿಗೆ!

ನೆಲಮಾಳಿಗೆಯಲ್ಲಿ ಆಲೂಗಡ್ಡೆ ಪೆಟ್ಟಿಗೆಯ ಮೇಲೆ ಕೂತು ಒಂಬತ್ತು ಜಾಡಿಗಳನ್ನು ಬಿಚ್ಚಿದೆ. ಎಣ್ಣೆ ಹಿಡಿದ ಹಾಳೆಗಳನ್ನು ಮೊಣಕಾಲಿನ ಮೇಲೆ ನೇವರಿಸಿ ಓದಿದೆ. ಬಾಗಿಲು ತೆರೆದ ಆ ಬೆಳಿಗ್ಗೆ ಅವಳು ಪೆಟ್ಟಿಗೆ ಹಿಡಿದು ಹೊಸ್ತಿಲಲ್ಲಿ ಕಾಲು ಗಂಟೆ ನಿಂತಿದ್ದಳಂತೆ. ನಾನು ತಲೆ ಎತ್ತಲಿಲ್ಲವಂತೆ. ಪುಟ ತಿರುಗಿಸಿದ ಸದ್ದು ಕೇಳಿ ಹೊರಟಳಂತೆ. ಅಂದು ಯಾವ ಪುಸ್ತಕ ಓದುತ್ತಿದ್ದೆನೋ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಹತ್ತನೆಯ ಪುಟಕ್ಕಾಗಿ ಅಂಗಡಿಗೆ ಓಡಿದೆ. “ಏನ್ ಸಾರ್, ವಿಮರ್ಶಕರೂ ಪುಸ್ತಕ ಕೊಳ್ತೀರಾ!” ಎಂದಳು ಅಂಗಡಿಯಾಕೆ. ಅಲ್ಲೇ ನಿಂತು ಕೊನೆಯ ಪುಟ ತೆರೆದೆ. ಮೂರೇ ಸಾಲು.

‘ಇಲ್ಲಿಯವರೆಗೆ ಬಂದರೆ ಅವನು ನನಗೊಂದು ಫೋನು ಮಾಡಲಿ. ಏನೂ ಹೇಳಬೇಕಾಗಿಲ್ಲ, ಉಸಿರು ಕೇಳಿದರೆ ಗುರುತು ಹಿಡಿಯುತ್ತೇನೆ. ಆದರೆ ಅವನು ಇಲ್ಲಿಯವರೆಗೆ ಬರುವವನಲ್ಲ.’

ಬೀದಿಗೆ ಬಂದು ಫೋನು ಮಾಡಿದೆ. ಇಪ್ಪತ್ತೆರಡು ವರ್ಷ ಜಗತ್ತಿನ ಪುಸ್ತಕಗಳಿಗೆಲ್ಲ ಮಾತು ಹುಡುಕಿಕೊಟ್ಟವನಿಗೆ ಒಂದು ಪದವೂ ಸಿಗಲಿಲ್ಲ. ಸುಮ್ಮನೆ ಉಸಿರಾಡಿದೆ.

“ಹೂಂ,” ಎಂದಳು ನೆವೆನಾ. “ಬಂದ್ಯಾ?”

“ಬಂದೆ.”

ಧೈರ್ಯ ಮಾಡಿ ಕೇಳಿದೆ: “ಮೆಣಸು... ಹೇಗಿತ್ತು?”

“ಅರ್ಧ ಸೀದಿದೆ. ಸಿಪ್ಪೆ ಹಾಗೇ ಇದೆ. ಉಪ್ಪು ಹಾಕೋದೇ ಮರ್ತಿದೀಯ. ಆದ್ರೂ ತಳದವರೆಗೂ ತಿಂದಿದೀನಿ. ವಿಮರ್ಶೆ ಮಾಡೋದು ಹಾಗೆ, ತಿಳೀತಾ? ಶನಿವಾರ ಖಾಲಿ ಜಾಡಿ ವಾಪಸ್ ತರ್ತೀನಿ. ಆ ಕುರ್ಚಿ ಮೇಲಿರೋದನ್ನೆಲ್ಲ ಎತ್ತಿಡು.”