ಕಮಲಾಪುರದಲ್ಲಿ ಹನ್ನೆರಡು ಲೋಳೆಮೀನು

ಕಲಬುರಗಿ ಜಿಲ್ಲೆಯಲ್ಲಿ ಸಮುದ್ರದ ಬಗ್ಗೆ ಅಧಿಕಾರದಿಂದ ಮಾತಾಡಬಲ್ಲವರು ಯಾರು ಎಂದು ಯಾರಾದರೂ ಕೇಳಿದ್ದರೆ, ಕಳೆದ ವರ್ಷದವರೆಗೂ ನಾನು ವಿನಯದಿಂದ ತಲೆ ತಗ್ಗಿಸಿ ಕೈ ಮಾತ್ರ ಮೇಲೆತ್ತುತ್ತಿದ್ದೆ. ಇಲ್ಲಿನ ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೇನೆ. ಕಡಲಾಮೆಯ ಹೃದಯದಲ್ಲಿ ಎಷ್ಟು ಕೋಣೆಗಳಿವೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಸಮುದ್ರವನ್ನು ಕಣ್ಣಾರೆ ಕಂಡದ್ದು ಒಂದೇ ಸಲ, ಅದೂ ದೋಣಿಯ ಅಂಚಿಗೆ ಬಾಗಿ ವಾಂತಿ ಮಾಡಿಕೊಳ್ಳುತ್ತಾ. ಆದರೆ ವಿದ್ವತ್ತಿಗೂ ವಾಂತಿಗೂ ಸಂಬಂಧವಿಲ್ಲ ಎಂಬುದು ನನ್ನ ನಂಬಿಕೆಯಾಗಿತ್ತು.

ಹೀಗಿರುವಾಗ ನನ್ನ ಹಳೆಯ ಸಹಪಾಠಿ ಶಶಿಕಲಾ ಫೋನ್ ಮಾಡಿದಳು. ಅವಳು ಕಮಲಾಪುರದ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ.

"ಸುನಂದಾ, ನಮ್ಮ ಸಾಲ್ಯಾಗ ಸಮುದ್ರ ಉಳಿಸೋದರ ಬಗ್ಗೆ ಬಂದು ಜರಾ ಮಾತಾಡವ್ವ. ಮಕ್ಕಳ ಜೋಡಿ ಅವರ ಮನಿ ಹೆಣ್ಮಕ್ಕಳನ್ನೂ ಕರ್ದೀನಿ. ಭಾಳ ಬಿರಸು ಹೇಳಬ್ಯಾಡ, ತಿಳಿಯೋ ಹಂಗ ಹೇಳು."

"ಅದರ ಫಿಕರ್ ಬಿಡು" ಎಂದೆ. ಫಿಕರ್ ಮಾಡಬೇಕಾಗಿದ್ದವಳು ಅವಳಲ್ಲ, ನಾನು ಎಂದು ಆಗ ಗೊತ್ತಿರಲಿಲ್ಲ.

ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯಲ್ಲಿ ವಿಷಯ ಘೋಷಣೆಯಾದಾಗ ಯಜಮಾನರು ಪತ್ರಿಕೆಯಿಂದ ಮುಖ ಎತ್ತಿದರು. ಅವರು ನಿವೃತ್ತ ಚಿತ್ರಕಲಾ ಮಾಸ್ತರು. ಕಡಿಮೆ ಮಾತು, ಹೆಚ್ಚು ತೂಕ.

"ಕಮಲಾಪುರದಾಗ ಕೆಂಪು ಬಾಳಿಹಣ್ಣು ಅದ. ಸಮುದ್ರ ಎಲ್ಲದ?"

"ನಾಲಾ ಅದ ಅಲ್ರೀ. ಅಲ್ಲಿ ಒಗದ ಚೀಲ ಬೆಣ್ಣೆತೊರಾಕ್ಕ ಹೋಗ್ತದ. ಬೆಣ್ಣೆತೊರಾ ಕಾಗಿಣಾಕ್ಕ, ಕಾಗಿಣಾ ಭೀಮಾಕ್ಕ, ಭೀಮಾ ಕೃಷ್ಣಾಕ್ಕ, ಕೃಷ್ಣಾ ಸಮುದ್ರಕ್ಕ."

"ಅಷ್ಟು ಸಲ ಗಾಡಿ ಬದಲಿ ಮಾಡಿ ಹೋಗೋ ಚೀಲಕ್ಕ ನನಗಿಂತ ಶಕ್ತಿ ಜಾಸ್ತಿ ಅದ ಬಿಡು" ಎಂದು ಅವರು ಪತ್ರಿಕೆಗೆ ಮರಳಿದರು.

ಬರೀ ಭಾಷಣ ಸಾಲದು, ಪ್ರಾತ್ಯಕ್ಷಿಕೆ ಬೇಕು ಎಂದು ನಾನು ತೀರ್ಮಾನಿಸಿದೆ. ಕಡಲಾಮೆಗಳು ನೀರಿನಲ್ಲಿ ತೇಲುವ ಪ್ಲಾಸ್ಟಿಕ್ ಚೀಲವನ್ನು ಲೋಳೆಮೀನು, ಅಂದರೆ ಜೆಲ್ಲಿಫಿಶ್ ಎಂದು ತಪ್ಪು ತಿಳಿದು ನುಂಗುತ್ತವೆ. ಇದನ್ನು ಜನರ ಕಣ್ಣೆದುರು ತೋರಿಸಬೇಕು. ಯಜಮಾನರು ಎರಡು ವಾರ ಕೂತು ಬಿದಿರಿನ ಬಳೆಗಳನ್ನು ಬಿಗಿದು, ನನ್ನ ಹಳೆಯ ಇಳಕಲ್ ಸೀರೆ ಹೊದಿಸಿ ಒಂದು ಆಮೆ ಮಾಡಿದರು. ಒಂದು ಸಣ್ಣ ಮಂಚದಷ್ಟು ದೊಡ್ಡದು. ಮುಖದಲ್ಲಿ ಎಂಥ ಕರುಣೆ ಎಂದರೆ, ಹಾಲು ಹಾಕಲು ಬಂದಾಕೆ ಅದಕ್ಕೆ ಕೈ ಮುಗಿದು ಹೋದಳು.

ಲೋಳೆಮೀನುಗಳ ಖಾತೆ ನನ್ನದು. ಸೂಪರ್ ಮಾರ್ಕೆಟ್ಟಿನಿಂದ ವರ್ಷಗಟ್ಟಲೆ ತಂದು ಅಡುಗೆಮನೆಯ ಬಾಗಿಲ ಹಿಂದೆ ತುರುಕಿಟ್ಟ ಚೀಲಗಳಲ್ಲಿ ಹನ್ನೆರಡು ಬಿಳಿಯವನ್ನು ಆರಿಸಿ, ಕೆಳಗೆ ನೈಲಾನ್ ದಾರಗಳನ್ನು ಇಳಿಬಿಟ್ಟೆ.

"ಸೂಜಿ ದಾರ ಹಾಕಿ ಹೊಲಿ. ಇಲ್ಲಾಂದ್ರ ಅಂಗಡಿ ಗೋಂದು ತರ್ತೀನಿ" ಎಂದರು ಯಜಮಾನರು.

"ಅಂಗಡಿ ಗೋಂದಿನಾಗ ರಾಸಾಯನಿಕ ಇರ್ತದ. ಪರಿಸರದ ಭಾಷಣಕ್ಕ ಅದು ಶೋಭಾ ಅಲ್ಲ."

ಪ್ಲಾಸ್ಟಿಕ್ ಚೀಲಕ್ಕೆ ನೈಲಾನ್ ದಾರ ಅಂಟಿಸುತ್ತಾ ಈ ಮಾತು ಹೇಳಿದವಳು ನಾನು. ಮೈದಾ ಹಿಟ್ಟನ್ನು ಕುದಿಸಿ ಗಟ್ಟಿ ಅಂಟು ಮಾಡಿದೆ. ಹುಳಿ ಹಿಡಿಯದಿರಲಿ ಎಂದು ಒಂದು ಹಿಡಿ ಉಪ್ಪು ಹಾಕಿದೆ. ಮೈದಾ ಮತ್ತು ಉಪ್ಪು. ಪ್ರಾಣಿಶಾಸ್ತ್ರದ ಯಾವ ವಿದ್ಯಾರ್ಥಿಯಾದರೂ ಆ ಗಳಿಗೆಯಲ್ಲಿ ನನ್ನನ್ನು ಎಚ್ಚರಿಸಬಹುದಿತ್ತು. ದುರದೃಷ್ಟಕ್ಕೆ ಅಲ್ಲಿ ಪ್ರಾಧ್ಯಾಪಕಿ ಮಾತ್ರ ಇದ್ದಳು.

ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ಆಮೆಯನ್ನು ಮೇಲಿಂದ ಕೆಳಗೆ ನೋಡಿದ.

"ಏನ್ರಿ ಮೇಡಂ ಇದು?"

"ಕಡಲಾಮೆ."

"ಕುಂದ್ರತದೋ, ನಿಂತು ಬರ್ತದೋ?"

ಕೂತೇ ಬಂತು. ಹಿಂದಿನ ಸೀಟಿನಲ್ಲಿ ಕಿಟಕಿಯ ಪಕ್ಕ. ನಾನೂ ಯಜಮಾನರೂ ಕಮಲಾಪುರದವರೆಗೂ ನಿಂತು ಬಂದೆವು.

ಶಾಲೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಜನ ಸೇರಿದ್ದರು. ಮಕ್ಕಳು ಮುಂದೆ, ಹೆಂಗಸರು ಹಿಂದೆ. ನನ್ನ ಬೆನ್ನ ಹಿಂದೆ, ಎರಡು ಕಂಬಗಳ ನಡುವೆ ಯಜಮಾನರು ಹಗ್ಗ ಬಿಗಿದು ಹನ್ನೆರಡು ಲೋಳೆಮೀನುಗಳನ್ನು ನೇತುಹಾಕಿದರು. ಮಕ್ಕಳ ಕಣ್ಣಿಗೆ ಸರಿಯಾಗಿ ಕಾಣಲಿ ಎಂದು ಹಗ್ಗವನ್ನು ಕೆಳಗಿಳಿಸಲು ಹೇಳಿದೆ. ಸರಿಯಾಗಿಯೇ ಇಳಿಸಿದರು. ಮಕ್ಕಳ ಎತ್ತರಕ್ಕೆ ಬರುವ ಬೇರೆ ಜೀವಿಗಳೂ ಊರಿನಲ್ಲಿರುತ್ತವೆ ಎಂದು ಯಾರಿಗೂ ಹೊಳೆಯಲಿಲ್ಲ.

"ಸಾಗರಗಳು ಈ ಭೂಮಂಡಲದ ಜೀವನಾಡಿಗಳಾಗಿವೆ" ಎಂದು ಆರಂಭಿಸಿದೆ. ಇಪ್ಪತ್ತು ನಿಮಿಷ ಹವಳದ ದಿಬ್ಬಗಳ ಮೇಲೆ ಮಾತಾಡಿದೆ. ಒಬ್ಬ ಅಜ್ಜಿ ಗೋಡೆಗೆ ಒರಗಿ ನಿದ್ದೆ ಹೋದರು. ಇನ್ನೊಬ್ಬರು ಕೈ ಎತ್ತಿ, "ಸಮುದ್ರದ ನೀರು ಉಪ್ಪು ಅಂತಾರಲ್ರಿ, ಅಲ್ಲಿ ದನಕ್ಕ ನೀರು ಎಲ್ಲಿ ಕುಡಸ್ತಾರ?" ಎಂದು ಕೇಳಿದರು. ಪ್ರಶ್ನೆ ವಿಷಯಕ್ಕೆ ಹೊರತಾದುದೆಂದು ನಾನು ಮುಗುಳ್ನಕ್ಕೆ.

ಆಮೇಲೆ ಆಮೆಯನ್ನು ಮುಂದಕ್ಕೆ ತಂದು, ಅದು ಚೀಲ ನುಂಗುವ ಬಗೆಯನ್ನು ವಿವರಿಸಿದೆ. ಭೀಮಬಾಯಿ ಎಂಬಾಕೆ ಎದ್ದು ನಿಂತರು. ಮೊಮ್ಮಗಳು ಆ ಶಾಲೆಯಲ್ಲಿ ಓದುತ್ತಿದ್ದಳು. ಆಡು ಮೇಯಿಸಲು ಹೊರಟವರು ಶಶಿಕಲಾಳ ಒತ್ತಾಯಕ್ಕೆ ಆಡನ್ನು ಗೇಟಿಗೆ ಕಟ್ಟಿ ಒಳಗೆ ಬಂದಿದ್ದರು.

"ಅಕ್ಕೋರೆ, ಅಷ್ಟು ದೊಡ್ಡ ಆಮಿಗಿ ಚೀಲ ಯಾವುದು, ಮೀನು ಯಾವುದು ತಿಳಿಯಂಗಿಲ್ಲೇನ್ರಿ? ಅಷ್ಟು ಹುಚ್ಚದ ಏನು ಅದು?"

"ಒಳ್ಳೆಯ ಪ್ರಶ್ನೆ" ಎಂದೆ. "ಪ್ರಾಣಿಗಳ ಗ್ರಹಿಕೆಗೆ ಕೆಲವು ಮಿತಿಗಳಿರುತ್ತವೆ. ಆಹಾರದ ವಾಸನೆ ಹತ್ತಿದ ವಸ್ತುವನ್ನು ಅವು ಆಹಾರವೆಂದೇ ಭಾವಿಸುತ್ತವೆ."

ಜೋರಾದ ಚಪ್ಪಾಳೆ ಬಿತ್ತು. ನನ್ನ ವೃತ್ತಿಜೀವನದಲ್ಲಿ ಅಂಥ ಚಪ್ಪಾಳೆ ಕೇಳಿರಲಿಲ್ಲ. ಕೈ ಜೋಡಿಸಿ ಬಾಗಿದೆ. ಮಕ್ಕಳು ಎದ್ದು ನಿಂತು ನಕ್ಕರು. ನಾನು ಇನ್ನೊಮ್ಮೆ ಬಾಗಿದೆ.

"ಸುನಂದಾ, ಹಿಂದ" ಎಂದರು ಯಜಮಾನರು ಬದಿಯಿಂದ.

ಹಿಂದೆ ಹೇಳಿದ್ದರಲ್ಲಿ ಏನೋ ಬಿಟ್ಟುಹೋಗಿದೆ ಎಂದುಕೊಂಡು ಹವಳದ ದಿಬ್ಬಗಳಿಗೆ ವಾಪಸಾದೆ.

"ಹವಳ ಅಲ್ಲ. ಹಿಂದ ನೋಡು."

ನೋಡಿದೆ. ಭೀಮಬಾಯಿಯ ಆಡು ಹಗ್ಗ ಬಿಚ್ಚಿಕೊಂಡು ಬಂದು, ನನ್ನ ಬೆನ್ನಿಗೆ ಎರಡು ಮೊಳ ದೂರದಲ್ಲಿ ನಿಂತು, ಒಂದು ಲೋಳೆಮೀನನ್ನು ಸಂಪೂರ್ಣ ಸಂತೃಪ್ತಿಯಿಂದ ನುಂಗುತ್ತಿತ್ತು. ಬಾಯಿಂದ ನಾಲ್ಕು ನೈಲಾನ್ ದಾರಗಳು ಗಡ್ಡದಂತೆ ಇಳಿಬಿದ್ದಿದ್ದವು. ಜನ ಅದನ್ನು ಪ್ರಾತ್ಯಕ್ಷಿಕೆ ಎಂದು ತಿಳಿದಿದ್ದರು.

ನಾನು ಹಗ್ಗದ ನಡುವೆಯೇ ನುಗ್ಗಿ ಆಡಿನ ಮೇಲೆ ಬಿದ್ದೆ. ಆಡು ಬೆದರಿ ಗಬಕ್ಕನೆ ನುಂಗಿತು. ನಂತರ ಕೆಮ್ಮತೊಡಗಿತು. ಭೀಮಬಾಯಿ ಓಡಿಬಂದು ಅದರ ಕುತ್ತಿಗೆ ತಬ್ಬಿಕೊಂಡರು.

"ಗಬ್ಬ ಅದ ರೀ ಇದು" ಎಂದರು. "ಬರೋ ತಿಂಗಳ ಮರಿ ಹಾಕ್ತದ."

ಯಜಮಾನರು ಲೋಳೆಮೀನು ಎಣಿಸಿದರು. "ಹತ್ತು."

"ಹನ್ನೆರಡು ಇದ್ವು."

"ಇದ್ವು" ಎಂದರು ಅವರು.

ಪಶು ಆಸ್ಪತ್ರೆ ಹತ್ತಿರದಲ್ಲೇ ಇತ್ತು. ಆದರೆ ಆಡು ನಡೆಯಲು ಒಲ್ಲದು, ತುಂಬು ಗಬ್ಬದ ಅದನ್ನು ಹೆಗಲ ಮೇಲೆ ಹಾಕಿಕೊಳ್ಳುವಂತೆಯೂ ಇಲ್ಲ. ಯಜಮಾನರು ಎರಡು ವಾರದ ತಮ್ಮ ಶ್ರಮವನ್ನು ಒಂದು ಕ್ಷಣ ನೋಡಿದರು. ನಂತರ ಆಮೆಯನ್ನು ಅಂಗಾತ ಮಾಡಿ ಚಿಪ್ಪಿನೊಳಗೆ ಆಡನ್ನು ಮಲಗಿಸಿದರು. ಅವರು ಮತ್ತು ಮೂವರು ಹೆಂಗಸರು ಆಮೆಯ ನಾಲ್ಕು ಕಾಲು ಹಿಡಿದು ಎತ್ತಿದರು. ಮುಂದೆ ಭೀಮಬಾಯಿ, ಎಲ್ಲರಿಗಿಂತ ಹಿಂದೆ ನಾನು.

ದಾರಿಯಲ್ಲಿ ಬಾಳೆಹಣ್ಣಿನ ಗಾಡಿಯವನು, "ಏನಾಗ್ಯದವ್ವ?" ಎಂದು ಕೇಳಿದ.

"ಮೀನು ಆಡಿನ ಹೊಟ್ಯಾಗ ಹೋಗ್ಯದ" ಎಂದಳು ಹೊತ್ತವರಲ್ಲಿ ಒಬ್ಬಳು.

"ಮತ್ತ ಆಡು ಆಮಿ ಹೊಟ್ಯಾಗ ಯಾಕ ಅದ?"

ಹೊತ್ತವರು ಹೆಜ್ಜೆ ಚುರುಕುಗೊಳಿಸಿದರು.

ಎರಡು ಚೀಲ ಕಡಿಮೆಯಾದ ಸಂಗತಿ ಕೇಳಿ ಡಾಕ್ಟರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಪ್ಲಾಸ್ಟಿಕ್ ಯಾರು ಕಟ್ಟಿದ್ರಿ ಅಲ್ಲಿ?"

"ನಾನೇ."

"ಅದಕ್ಕ ಹಿಟ್ಟು, ಉಪ್ಪು ಯಾರು ಹಚ್ಚಿದ್ರಿ?"

"ಅದೂ ನಾನೇ."

"ಏನು ಕೆಲಸ ಮಾಡ್ತೀರಿ?"

"ಪ್ರಾಣಿಶಾಸ್ತ್ರ ಕಲಿಸ್ತೀನಿ" ಎಂದೆ, ನನಗೇ ಕೇಳದಷ್ಟು ಸಣ್ಣ ದನಿಯಲ್ಲಿ. ಅವರು ಆಡಿನ ಕಡೆ ತಿರುಗಿದರು. ಬೈದಿದ್ದರೆ ಚೆನ್ನಾಗಿತ್ತು.

ಚೀಲ ಇನ್ನೂ ಗಂಟಲಲ್ಲೇ ಇತ್ತು. ಯಜಮಾನರು ಆಡಿನ ಬಾಯಿ ಅಗಲಿಸಿ ಹಿಡಿದರು. ಡಾಕ್ಟರು ನಿಧಾನವಾಗಿ ಒಳಗೆ ಬೆರಳು ಹಾಕಿ, ಸ್ವಲ್ಪ ಎಳೆದು, ಸ್ವಲ್ಪ ಬಿಟ್ಟು, ಮತ್ತೆ ಎಳೆದು ಕೊನೆಗೆ ಜೊಲ್ಲು ಸುರಿಯುವ ಲೋಳೆಮೀನನ್ನು ಹೊರತೆಗೆದರು. ನಾನು ಉಸಿರು ಬಿಟ್ಟೆ.

"ಇನ್ನೊಂದು?" ಎಂದರು ಡಾಕ್ಟರು.

ಬಿಟ್ಟ ಉಸಿರು ಅಲ್ಲೇ ನಿಂತಿತು.

"ಅದು ಹೊಟ್ಟಿಗಿ ಇಳದಿದ್ರ ಕೊಯ್ದು ತೆಗೀಬೇಕಾಗ್ತದ. ಗಬ್ಬದ ಆಡಿಗಿ ಅದು ಛಲೋ ಅಲ್ಲ. ನೋಡೋಣ, ಮೆಲುಕು ಹಾಕ್ತದೋ ಇಲ್ಲೋ."

ಆಡನ್ನು ಹೊರಗೆ ನೆರಳಿನಲ್ಲಿ ಮಲಗಿಸಿದರು. ಅದು ಮೆಲುಕು ಹಾಕಲಿಲ್ಲ. ಶಾಲೆಯ ಹೆಂಗಸರೆಲ್ಲ ಬಂದು ಸುತ್ತ ಕೂತರು. ನನ್ನ ಭಾಷಣಕ್ಕೆ ತೂಕಡಿಸಿದ ಅಜ್ಜಿ ಈಗ ಕಣ್ಣು ಪಿಳುಕಿಸದೆ ಆಡಿನ ಬಾಯನ್ನೇ ನೋಡುತ್ತಿದ್ದರು. ನನಗೆ ಕೂರುವ ಧೈರ್ಯವಾಗಲಿಲ್ಲ. ನಿಂತೇ ಇದ್ದೆ.

"ಭೀಮಬಾಯಿ, ನನ್ನಿಂದ ಭಾಳ ತಪ್ಪಾತು" ಎಂದೆ.

ಅವರು ಆಡಿನ ಬೆನ್ನು ಸವರುತ್ತಾ ಹೇಳಿದರು: "ನೀವೊಬ್ಬರೇ ಏನ್ರಿ. ಹೋದ ವರ್ಷ ನಮ್ಮ ಎಮ್ಮಿ ಸತ್ತದ. ಕೊಯ್ದು ನೋಡಿದ್ರ ಹೊಟ್ಟಿತುಂಬ ಚೀಲ. ಅವು ಯಾರು ಒಗದಿದ್ರೋ, ಯಾರಿಗಿ ಬೈಯಬೇಕು? ನಾನೂ ಒಗದಿದ್ದು ಇರಬೇಕು ಅದರಾಗ." ಆಮೇಲೆ ನನ್ನ ಕಡೆ ನೋಡದೆಯೇ ಕೇಳಿದರು. "ಆ ಆಮಿ ಹಿಂಗ ಕೆಮ್ಮಿದ್ರ, ಸಮುದ್ರದಾಗ ಅದರ ಬಾಯಿ ಹಿಡಿಯೋರು ಯಾರರ ಇರ್ತಾರೇನ್ರಿ?"

"ಇಲ್ಲ" ಎಂದೆ.

ಸುತ್ತ ಕೂತವರಲ್ಲಿ ಒಬ್ಬಳು ನಾಲಿಗೆಯಿಂದ ಲೊಚಗುಟ್ಟಿದಳು. ಆ ಕರುಣೆ ಆಡಿಗಲ್ಲ, ಅವಳು ಎಂದೂ ನೋಡದ ಕಡಲಾಮೆಗೆ. ಆ ಕರುಣೆಗಾಗಿಯೇ ನಾನು ಬಸ್ಸು ಹತ್ತಿ ಬಂದಿದ್ದೆ, ಆದರೆ ನನ್ನ ಇಡೀ ಭಾಷಣ ಅದನ್ನು ಹುಟ್ಟಿಸಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಯಾರಿಗೂ ಕಾಣಬಾರದೆಂದು ಆ ಕಡೆ ತಿರುಗಿ ಸೆರಗಿನಿಂದ ಒರೆಸಿಕೊಂಡೆ.

"ಅಕ್ಕೋರೆ" ಎಂದರು ಭೀಮಬಾಯಿ, "ಹಂಗೇ ನಿಂದರ್ರಿ. ಅಳ್ಳಾಡಬ್ಯಾಡ್ರಿ."

ಚೇಳೋ ಹಾವೋ ಎಂದು ಕಲ್ಲಿನಂತೆ ನಿಂತೆ. ಅವರು ಎದ್ದು ಬಂದು ನನ್ನ ಬೆನ್ನಿನ ಕೆಳಭಾಗದಲ್ಲಿ ಏನನ್ನೋ ಪರ್ರನೆ ಕಿತ್ತು, ಎತ್ತಿ ಹಿಡಿದರು.

ಹನ್ನೆರಡನೆಯ ಲೋಳೆಮೀನು!

ನಾನು ಹಗ್ಗದೊಳಗೆ ನುಗ್ಗಿದಾಗ ಅದು ನನ್ನ ಸೀರೆಗೆ ಅಂಟಿಕೊಂಡಿತ್ತು. ಉಪ್ಪಿನಿಂದ ಒಣಗದೆ ಜಿಗುಟಾಗಿದ್ದ ಮೈದಾ ಅಷ್ಟು ಗಟ್ಟಿಯಾಗಿ ಹಿಡಿದಿತ್ತು. ಶಾಲೆಯಿಂದ ಆಸ್ಪತ್ರೆಯವರೆಗೆ, ಕಮಲಾಪುರದ ಬೀದಿಯಲ್ಲಿ, ಹಿಂದೆ ನಾಲ್ಕು ದಾರಗಳನ್ನು ಬಾಲದಂತೆ ಆಡಿಸುತ್ತಾ ನಾನು ಗಂಭೀರವಾಗಿ ನಡೆದುಬಂದಿದ್ದೆ.

"ನೀವು ಯಾರೂ ನೋಡಲಿಲ್ಲೇನು?" ಎಂದು ಕೇಳಿದೆ.

"ನಾವೆಲ್ಲ ನೋಡಿದ್ವಿ ರೀ" ಎಂದರು ತೂಕಡಿಸಿದ್ದ ಅಜ್ಜಿ. "ಅದು ನಿಮ್ಮ ವೇಷ ಅಂದ್ಕೊಂಡ್ವಿ."

ಮೊದಲು ನಕ್ಕವರು ಭೀಮಬಾಯಿ. ಎರಡನೆಯವರು ಡಾಕ್ಟರು. ಯಜಮಾನರು ಆಮೆಯ ಹಿಂದೆ ಹೋಗಿ ನಿಂತರು. ಅವರ ಭುಜ ಕುಣಿಯುತ್ತಿತ್ತು. ಆ ಗದ್ದಲ ಮುಗಿಯುವ ಹೊತ್ತಿಗೆ ಆಡು ಕಣ್ಣು ಅರೆಮುಚ್ಚಿ, ದವಡೆ ಆಡಿಸುತ್ತಾ ಮೆಲುಕು ಹಾಕತೊಡಗಿತ್ತು. ಅದಕ್ಕಿಂತ ಸುಂದರವಾದದ್ದನ್ನು ನಾನು ಯಾವ ಸೂಕ್ಷ್ಮದರ್ಶಕದಲ್ಲೂ ಕಂಡಿಲ್ಲ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಯಾರೋ ಚಹಾ ತಂದು ಕೈಗಿಟ್ಟರು.

ಮುಂದಿನ ತಿಂಗಳು ಆಡು ಎರಡು ಮರಿ ಹಾಕಿತು. ಅಲ್ಲಿಯವರೆಗೂ ನಾನು ಶಶಿಕಲಾಳಿಗೆ ದಿನಾ ಫೋನ್ ಮಾಡಿ, ಮೊದಲು ಆಡಿನ ಕ್ಷೇಮ, ನಂತರ ಅವಳ ಕ್ಷೇಮ ವಿಚಾರಿಸುತ್ತಿದ್ದೆ. ಮರಿಗಳ ಸುದ್ದಿಯ ಜೊತೆಗೆ ಅವಳು ಇನ್ನೊಂದನ್ನೂ ಹೇಳಿದಳು. ಪಕ್ಕದ ಹಳ್ಳಿಯ ಶಾಲೆಯವರಿಗೂ ಕಡಲಾಮೆಯ ಕಾರ್ಯಕ್ರಮ ಬೇಕಂತೆ.

"ಬರ್ತೀನಿ" ಎಂದೆ ತಕ್ಷಣ. "ಈ ಸಲ ಹವಳದ ಭಾಗ ಕಡಿಮೆ ಮಾಡ್ತೀನಿ."

"ನೀ ಬರಬೇಕು ಅಂತೇನಿಲ್ಲ. ಆಮಿ ಕಳಸು ಸಾಕು. ಭೀಮಬಾಯಿ ಮಾತಾಡ್ತಾರ."

ಆದರೂ ಹೋದೆ. ಮೂರನೆಯ ಸಾಲಿನಲ್ಲಿ ಕೂತೆ. ಭೀಮಬಾಯಿ ಆಮೆಯ ಪಕ್ಕ ನಿಂತು, ತಮ್ಮ ಎಮ್ಮೆಯಿಂದ ಶುರುಮಾಡಿ, ಆಡಿಗೆ ಬಂದು, ಅಲ್ಲಿಂದ ನಾಲಾ ಹಿಡಿದು ಸಮುದ್ರ ಮುಟ್ಟಿದರು. ಹತ್ತು ನಿಮಿಷ ಹಿಡಿಯಿತು. ಒಬ್ಬರೂ ತೂಕಡಿಸಲಿಲ್ಲ. ಕೊನೆಗೆ ಒಬ್ಬಾಕೆ ಎದ್ದು, "ಈ ಆಮಿ ನೀರಾಗೇ ಇದ್ರ ಉಸಿರು ಹ್ಯಾಂಗ ತಗೋತದ್ರಿ?" ಎಂದು ಕೇಳಿದಳು.

"ಅದು ನಮ್ಮ ಅಕ್ಕೋರಿಗಿ ಗೊತ್ತು" ಎಂದು ಭೀಮಬಾಯಿ ನನ್ನತ್ತ ಕೈ ತೋರಿಸಿದರು. ಎಲ್ಲರೂ ತಿರುಗಿದರು. ನಾನು ಎದ್ದೆ, ಸೆರಗು ಸರಿಪಡಿಸಿಕೊಂಡೆ, ಗಂಟಲು ಸರಿಮಾಡಿಕೊಂಡೆ. "ಸರೀಸೃಪಗಳ ಶ್ವಾಸಾಂಗ ವ್ಯವಸ್ಥೆಯನ್ನು ಅವಲೋಕಿಸಿದಾಗ..." ಎಂದು ಬಾಯಿ ತೆರೆದೆ.

"ಎರಡೇ ಮಾತಿನಾಗ ಹೇಳ್ರಿ ಅಕ್ಕೋರೆ" ಎಂದರು ಭೀಮಬಾಯಿ, ತುಂಬ ಮರ್ಯಾದೆಯಿಂದ.

"ಮ್ಯಾಲ ಬರ್ತದ" ಎಂದು ಹೇಳಿ ಕೂತೆ.